ಗಡಿಯಾರದ ಬಾಕಿ

ಗಿರಣಿಗಿಂತ ಮೊದಲು ಗುದ್ದಲಿ ಬಂತು.
ಐರಿಷ್ ಕಾರ್ಮಕ್ ಡೆವನಿ, ಅವನ ಜೊತೆಗೆ ನಲವತ್ತು ಜನ
ದಿನಕ್ಕೆ ಎಪ್ಪತ್ತು ಸೆಂಟು, ಮೂರು ಗುಟುಕು ವಿಸ್ಕಿಗೆ
ನೆಸಾಟಕ್ ನದಿಯ ಪಕ್ಕೆ ಸೀಳಿ ಕಾಲುವೆ ತೋಡಿದರು.
ಅಲ್ಲಿ ಮೊದಲು ಮೀನು ಹಿಡಿಯುತ್ತಿದ್ದವರ ಮಾತಿನಲ್ಲಿ
ನದಿಯ ಹೆಸರೊಂದೇ ಉಳಿಯಿತು.

ಆಮೇಲೆ ಇಟ್ಟಿಗೆ. ಐದು ಅಂತಸ್ತು, ಮುನ್ನೂರು ಕಿಟಕಿ,
ತುದಿಗೊಂದು ಗೋಪುರ, ಗೋಪುರಕ್ಕೊಂದು ಗಂಟೆ,
ಗಂಟೆಯ ಕೆಳಗೆ ಗಡಿಯಾರ.
ಟಾರ್ಬೆಲ್ ಫಾಲ್ಸ್ ಎಂಬ ಊರು ಹುಟ್ಟಿದ್ದು ಹೀಗೆ:
ಹೊತ್ತು ಮೊದಲು, ಜನ ಆಮೇಲೆ.

ಬೆಟ್ಟದ ಹೊಲಮನೆಗಳಿಂದ ಹುಡುಗಿಯರು ಬಂದರು
ತಗಡಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು.
ಮೆಹಿಟಬೆಲ್ ಕಿಲ್ಬರ್ನ್, ಹದಿನೇಳು, ಮನೆಗೆ ಬರೆದಳು:
‘ಇಲ್ಲಿ ಮೂರು ಹೊತ್ತೂ ಮಾಂಸವುಂಟು, ಅಮ್ಮಾ,
ಕಿವಿಯೊಳಗೆ ಮಾತ್ರ ರಾತ್ರಿಯಿಡೀ ಜೀರುಂಡೆ.’
ಅವಳು ನೇಯ್ದದ್ದು ಒರಟು ಬಟ್ಟೆ,
ಹತ್ತಿ ಬಂದಲ್ಲಿಗೇ ಮರಳುವ ಬಟ್ಟೆ,
ತೆಂಕಣದ ಹೊಲದಲ್ಲಿ ಆ ಹತ್ತಿ ಬಿಡಿಸಿದ
ಗುಲಾಮರ ಬೆನ್ನಿಗೆ.
ಬೇಲೊಂದರಲ್ಲಿ ಒಮ್ಮೆ ಹಾಲುಹಲ್ಲು ಸಿಕ್ಕಿತ್ತೆಂದು
ಸಾಯುವ ಮುಂಚೆ ತಂಗಿಗೆ ಹೇಳಿದಳಂತೆ.
ಪತ್ರಗಳಲ್ಲಿ ಅದಿಲ್ಲ.

ಕೂಲಿ ಇಳಿಸಿದಾಗ ಅವರು ಮಗ್ಗ ಬಿಟ್ಟೆದ್ದರು.
ಕಾಲ ಸರಿದು ಉತ್ತರದಿಂದ ರೈಲು ತುಂಬ ನಮ್ಮವರು,
ಕ್ವಿಬೆಕ್‌ನ ಟಿಬೊಡೊಗಳು, ಪೆಲ್ತಿಯೆಗಳು,
ಬಾಯಲ್ಲಿ ಫ್ರೆಂಚು, ಕಂಕುಳಲ್ಲಿ ಕೂಸು.
ಅಜ್ಜಿ ಡೆಲೀಮ ಹತ್ತು ವರ್ಷಕ್ಕೇ
ಹದಿನಾಲ್ಕೆಂದು ಹೇಳಿ ಒಳಹೊಕ್ಕಳು.
ಆ ಸುಳ್ಳಿಗೆ ಸಹಿ ಪಾದ್ರಿಯದು.

ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲೆಳೆಯಬೇಕು,
ದಿನಕ್ಕೆ ಮುನ್ನೂರು ಸಲ.
ಲಾಳಿಗೆ ಮುತ್ತಿಡುವುದು ಎಂದು ಅದರ ಹೆಸರು.
‘ನಿನ್ನ ತಾತನಿಗೂ ಅಷ್ಟು ಕೊಟ್ಟಿಲ್ಲ’ ಎಂದು ನಗುವಳು,
ಸವೆದ ಮುಂದಿನ ಹಲ್ಲು ಆಗ ಕಾಣುವುದು.
ಮಗ್ಗಗಳ ಸದ್ದಿನಲ್ಲಿ ಮಾತು ಕೇಳದು, ತುಟಿ ನೋಡಿ ಓದುವರು.
ಭಾನುವಾರ ಚರ್ಚಿನಲ್ಲೂ ಹಾಗೆಯೇ:
ಪಾದ್ರಿ ಬೆನ್ನು ತಿರುಗಿಸಿದೊಡನೆ ಇಡೀ ಸಾಲು
ದನಿಯಿಲ್ಲದೆ ಹರಟುತ್ತಿತ್ತು.

ಬಣ್ಣದ ಮನೆಯ ಕೆಳಗೆ
ನದಿ ಸೋಮವಾರ ಕೆಂಪು, ಗುರುವಾರ ನೀಲಿ.
ಪೇಟೆಯಲ್ಲಿ ಈ ವರ್ಷ ಯಾವ ಬಣ್ಣ ಎಂದು ತಿಳಿಯಲು
ಸೇತುವೆಗೆ ಹೋದರೆ ಸಾಕಿತ್ತು.

ಗಡಿಯಾರದ ಕಳ್ಳತನ ಹಿಡಿದವನು ಅಜ್ಜಿಯ ಅಣ್ಣ ಓನೆಸಿಮ್,
ರೈಲ್ವೆಯವನಿಂದ ಕೊಂಡ ಹಳೇ ಜೇಬುಗಡಿಯಾರದಿಂದ.
ಬೆಳಿಗ್ಗೆ ಗಂಟೆ ಐದು ನಿಮಿಷ ಮುಂಚೆ,
ಸಂಜೆ ಆರು ನಿಮಿಷ ತಡ.
ದಿನಕ್ಕೆ ಹನ್ನೊಂದು. ಎರಡು ಸಾವಿರ ಜನ. ಎಷ್ಟು ವರ್ಷದಿಂದಲೋ.
ಸೀಮೆಸುಣ್ಣದಲ್ಲಿ ಗೇಟಿನ ಮೇಲೆ ಲೆಕ್ಕ ಬರೆದ.
ಅವನ ಕೆಲಸ ಅಂದೇ ಹೋಯಿತು,
ಲೆಕ್ಕ ಮೂರು ದಿನ ಇತ್ತು, ಮಳೆ ಬರುವ ತನಕ.

ಒಂಬತ್ತು ವಾರ ಮುಷ್ಕರ. ಹಿಮ.
ಪೋಲಿಷ್ ಹೆಂಗಸರು ಕಲಿಸಿದ ಎಲೆಕೋಸಿನ ಸಾರು
ನಮ್ಮಲ್ಲಿ ಈಗಲೂ ಶುಕ್ರವಾರಕ್ಕುಂಟು.
ಗೆದ್ದದ್ದು ಗಂಟೆಗೊಂದು ಸೆಂಟು.
ಗಡಿಯಾರದ ಮಾತು ಯಾರೂ ಎತ್ತಲಿಲ್ಲ.

ಆಮೇಲಿನದು ಬೇಗ ಹೇಳಬಹುದು.
ಒಂದು ಬೇಸಿಗೆ ಮಗ್ಗಗಳನ್ನು ಬಿಚ್ಚಿ ರೈಲಿಗೇರಿಸಿದರು,
ಕೂಲಿ ಅಗ್ಗವಾದ ತೆಂಕಣಕ್ಕೆ, ಹತ್ತಿಯ ಊರಿಗೇ.
ಬಿಚ್ಚಿದವರೂ ನಮ್ಮವರೇ.
ನದಿ ವಾರವಿಡೀ ಬರೀ ನೀರಾಗಿ ಹರಿದಾಗ
ಮಕ್ಕಳು ಕೇಳಿದವು: ನದಿಗೆ ಹುಷಾರಿಲ್ಲವೇ?

ಗಿರಣಿಯೊಳಗೆ ಈಗ ಅಪಾರ್ಟ್‌ಮೆಂಟು.
ಅಜ್ಜಿ ನಿಂತಿದ್ದ ಜಾಗಕ್ಕೆ
ತಿಂಗಳಿಗೆ ಎರಡು ಸಾವಿರದ ನಾನೂರು ಡಾಲರ್ ಬಾಡಿಗೆ.
ಸೆಕೆಯ ದಿನ ಮೇಪಲ್ ಹಲಗೆಯಿಂದ
ಯಂತ್ರದ ಎಣ್ಣೆ ಇನ್ನೂ ಜಿನುಗುತ್ತದಂತೆ, ದೂರು ಬಂದಿದೆ.
ಕೆಳಗಿನ ಅಂಗಡಿಯಲ್ಲಿ ಕಾಂಬೋಡಿಯದ ಸೊಖೊಮ್
ಪ್ಯಾಂಟು ಗಿಡ್ಡ ಮಾಡಿಕೊಡುತ್ತಾಳೆ,
ನೂಲನ್ನು ಹಲ್ಲಿನಲ್ಲಿ ಕಡಿದು.

ನಾಲ್ಕು ಹತ್ತಕ್ಕೆ ನಿಂತ ಗಡಿಯಾರದ ರಿಪೇರಿಗೆಂದು
ಮಾರ್ಚ್ ತಿಂಗಳ ಊರಸಭೆಯಲ್ಲಿ ಮೂವತ್ತು ಸಾವಿರ ಕೇಳಿದರು.
ಕೈಗಳು ಏಳತೊಡಗಿದವು.
ಮೊಣಕಾಲು ನೋವಿನಲ್ಲೇ ಎದ್ದು ಹೇಳಿದೆ:
ಬೇಡ.
ದಿನಕ್ಕೆ ಹನ್ನೊಂದರಂತೆ ಅದು ನಮಗೆ ಕೊಡುವುದಿದೆ.
ನಿಂತೇ ತೀರಿಸಲಿ.

ಹಿಂದಿನ ಸಾಲಿನಲ್ಲಿ ಮುದುಕಿಯೊಬ್ಬಳು
ದನಿಯಿಲ್ಲದೆ ತುಟಿಯಾಡಿಸಿದಳು.
ಓದಬಲ್ಲ ನಾಲ್ಕು ಜನ ನಕ್ಕೆವು.